ನಮ್ಮೂರಿನ ತಪ್ಪೋದ ವಿಮಾನ

ಅಮ್ಮ ವಿಮಾನ ಹತ್ತಕೂಡದು ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ನನ್ನ ಮಾತನ್ನೇ ಆಧಾರವಾಗಿಟ್ಟುಕೊಂಡು. ನಾನು ಹಾಗೆ ಹೇಳಿರಲೇ ಇಲ್ಲ. ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಅದಕ್ಕೆ ತದ್ವಿರುದ್ಧ. ಆದರೂ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ಸಾಕ್ಷಿಗೆ ಕರೆದದ್ದು ನನ್ನನ್ನೇ.

“ಇವನ್ನೇ ಕೇಳಿ. ವಿಮಾನದ್ ವಿಷ್ಯ ಇವನಿಗಿಂತ ಈ ಸುತ್ತಿನಾಗೆ ಯಾರಿಗ್ ಗೊತ್ತು? ಲೇ, ಅದು ಸಿಕ್ತಾ?”

“ಇಲ್ಲಜ್ಜಿ, ಆದ್ರೆ...”

“ಆಯ್ತಲ್ಲ. ಸಿಕ್ಕಿಲ್ಲ. ಮುಗೀತು.”

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನ್ನಿಸಿತು.

‘ಅದು’ ಎಂದರೆ ಯಾವುದು ಎಂದು ಹೇಳಿಬಿಡುತ್ತೇನೆ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಎಲ್ಲೋ ದೂರದ ದೇಶದಿಂದ ಹೊರಟ ಒಂದು ಪ್ರಯಾಣಿಕರ ವಿಮಾನ ಸಮುದ್ರದ ಮೇಲೆ ಹೋಗುತ್ತ ಹೋಗುತ್ತ ಇಲ್ಲವಾಗಿಬಿಟ್ಟಿತು. ಬಿದ್ದಿತೆಂದು ಯಾರೂ ನೋಡಲಿಲ್ಲ, ಇಳಿಯಿತೆಂದೂ ಯಾರೂ ನೋಡಲಿಲ್ಲ. ಟಿವಿಯಲ್ಲಿ ದಿನಗಟ್ಟಲೆ ಅದೇ ಸುದ್ದಿ. ಉಳಿದ ಹುಡುಗರು ಒಂದು ವಾರಕ್ಕೆ ಮರೆತರು. ನನಗೆ ಮಾತ್ರ ಅದು ಜ್ವರದ ಹಾಗೆ ಹತ್ತಿಕೊಂಡಿತು. ಬಸ್ಸಿನಷ್ಟಲ್ಲ, ಬಸ್ ಸ್ಟ್ಯಾಂಡಿನಷ್ಟು ದೊಡ್ಡ ವಸ್ತು, ಒಳಗೆ ಅಷ್ಟೊಂದು ಜನ, ಅದು ಕಾಣೆಯಾಗುವುದು ಎಂದರೇನು? ಸಿಕ್ಕಿದ್ದನ್ನೆಲ್ಲ ಓದಿದೆ, ಅರ್ಥವಾಗದಿದ್ದರೆ ಇನ್ನೊಂದು ಸಲ ಓದಿದೆ. ನನಗೆ ಇದನ್ನು ಕಲಿಸುವವರು ಯಾರೂ ಇರಲಿಲ್ಲ. ಇಂಗ್ಲಿಷು ಕೂಡ ನಾನು ಕಲಿತದ್ದು ಹೆಚ್ಚುಕಡಿಮೆ ಆ ವಿಮಾನದಿಂದಲೇ.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಬುದ್ಧಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವಕ್ಕಲೇರಿ ಹತ್ತಿರದ ನಮ್ಮೂರಿನಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಸೇರುವ ಜಾಗ ಒಂದೇ, ಹಾಲಿನ ಡೈರಿ. ಅಮ್ಮನ ಕ್ಯಾನು ಹೊತ್ತುಕೊಂಡು ನಾನು ಸಾಲಿನಲ್ಲಿ ನಿಲ್ಲುತ್ತಿದ್ದೆ. ನಿಂತವನು ಸುಮ್ಮನೆ ನಿಲ್ಲದೆ ವಿಮಾನದ ಕಥೆ ಶುರು ಮಾಡುತ್ತಿದ್ದೆ. ಟಿವಿಯವರು ‘ನಾಪತ್ತೆ’, ‘ಕಣ್ಮರೆ’ ಎನ್ನುತ್ತಿದ್ದರು. ಡೈರಿ ಸಾಲಿನಲ್ಲಿ ಅವು ಪೇಪರಿನ ಮಾತುಗಳು. ಮೇಯಲು ಹೋದ ಹಸು ಸಂಜೆ ಮನೆಗೆ ಬರದಿದ್ದರೆ ನಾವು ‘ತಪ್ಪೋಗಿದೆ’ ಎನ್ನುತ್ತೇವೆ. ಹಾಗಾಗಿ ನಾನು ಅದಕ್ಕೆ ‘ತಪ್ಪೋದ ವಿಮಾನ’ ಎಂದು ಹೆಸರಿಟ್ಟೆ. ಅಜ್ಜಿಯ ತವರು ಮುಳಬಾಗಿಲಿನ ಆಚೆ ಬೈರಕೂರು ಕಡೆ. ಅವಳಿಗೆ ಕೋಪ ಬಂದರೂ ತೆಲುಗು, ಹೆದರಿಕೆಯಾದರೂ ತೆಲುಗು. ತೆಲುಗಿನಲ್ಲೂ ‘ತಪ್ಪಿಪೋಯಿಂದಿ’ ಎಂದರೆ ಅದೇ ಅರ್ಥ. ಒಂದೇ ಮಾತು ಎರಡೂ ಭಾಷೆಯವರಿಗೆ ತಟ್ಟಿತಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಊರಿನಲ್ಲಿ ಆ ಮಾತು ಎಷ್ಟು ಬೇರೂರಿತೆಂದರೆ ಇವತ್ತಿಗೂ ಡೈರಿಯಲ್ಲಿ ಹಾಲು ಅಳೆಯುವವನು ನನ್ನನ್ನು ನೋಡಿದ ಕೂಡಲೇ, “ಏನ್ಲಾ, ಸಿಕ್ತಾ ತಪ್ಪೋದ್ ವಿಮಾನ?” ಎನ್ನುತ್ತಾನೆ. ನಾನು ಇಲ್ಲ ಎನ್ನಬೇಕು, ಅವನು ನಗಬೇಕು. ಅದು ದಿನದ ಶಾಸ್ತ್ರ.

ಈಗ ನಾನು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಲಿತ ಬೆಸುಗೆ ವಿದ್ಯೆಯಿಂದ ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ತಾಮ್ರದ ತಂತಿಯ ಒಂದು ಆಂಟೆನಾ ನಿಲ್ಲಿಸಿದ್ದೇನೆ. ಅದರ ತುದಿಗೆ ಬೆರಳುದ್ದದ ರಿಸೀವರ್. ಆಕಾಶದಲ್ಲಿ ಹೋಗುವ ಪ್ರತಿ ವಿಮಾನವೂ ತನ್ನ ನಂಬರು, ಎತ್ತರ, ವೇಗ, ಇರುವ ಜಾಗವನ್ನು ರೇಡಿಯೋದಲ್ಲಿ ಕೂಗುತ್ತಲೇ ಇರುತ್ತದೆ. ನನ್ನ ತಂತಿ ಅದನ್ನು ಕೇಳಿಸಿಕೊಂಡು ಮೊಬೈಲಿನ ಮ್ಯಾಪಿನಲ್ಲಿ ಚಿಕ್ಕ ಚಿಕ್ಕ ವಿಮಾನಗಳಾಗಿ ತೋರಿಸುತ್ತದೆ. ದೇವನಹಳ್ಳಿಗೆ ಇಳಿಯುವ ವಿಮಾನಗಳು ಎಷ್ಟೋ ಸಲ ನಮ್ಮ ತಲೆಯ ಮೇಲೇ ಹಾಯುತ್ತವೆ. ಬೇರೆಯವರಿಗೆ ಅದು ಬರೀ ಸದ್ದು.

ಹೀಗಿರುವಾಗ ಹಾಲು ಒಕ್ಕೂಟದಿಂದ ಬಂತು ಆ ಕಾಗದ. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಂದ ಹಸು ಎಮ್ಮೆ ಸಾಕುವ ಒಂದಷ್ಟು ಹೆಂಗಸರನ್ನು ಆರಿಸಿ ಹರಿಯಾಣಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಐದು ದಿನ. ಅಲ್ಲಿನ ಕೊಟ್ಟಿಗೆ, ಮೇವು, ತಳಿ ಎಲ್ಲ ತೋರಿಸುತ್ತಾರಂತೆ. ಡೆಲ್ಲಿಯವರೆಗೆ ವಿಮಾನ. ನಮ್ಮೂರಿನಿಂದ ಇಬ್ಬರು: ಅಮ್ಮ ಮತ್ತು ಎರಡು ಮನೆ ಆಚೆಯ ಖಾಲಾ. ಖಾಲಾ ನಾಲ್ಕು ಎಮ್ಮೆ ಕಟ್ಟಿರುವ ಹೆಂಗಸು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಹುಟ್ಟಿದಾಗಿನಿಂದ ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಬರುವವರು ಸೋಮವಾರದೊಳಗೆ ಹೆಸರು ಕೊಡಬೇಕು ಎಂದು ಬರೆದಿತ್ತು.

ಅಮ್ಮ ಮದುವೆಯಾಗಿ ಬಂದ ಮೇಲೆ ಹಸುಗಳನ್ನು ಬಿಟ್ಟು ಎರಡು ದಿನಕ್ಕಿಂತ ಹೆಚ್ಚು ಎಲ್ಲೂ ಇದ್ದವಳಲ್ಲ. ಕಾಗದ ಓದಿ ಮಡಚಿಟ್ಟು ಏನೂ ಆಗದವಳ ಹಾಗೆ ಬೂಸ ಕಲಸಲು ಹೋದಳು. ಸ್ವಲ್ಪ ಹೊತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು, “ಆ ಕಡೆ ಎಮ್ಮೆ ಹೆಂಗಿರ್ತಾವೆ, ಮೊಬೈಲಲ್ ತೋರ್ಸೋ” ಎಂದಳು. ತೋರಿಸಿದೆ. ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಕೊಂಬ್ ನೋಡೋ! ಚಕ್ಲಿ ಹಂಗೆ ಸುತ್ಕೊಂಡೈತೆ. ಕೆಚ್ಚಲು ನೋಡು ಅದುರ್ದು.”

ಅಮ್ಮನಿಗೆ ಹೋಗುವ ಆಸೆ ಎಷ್ಟಿದೆ ಎಂಬುದು ನನಗೆ ಆಗ ಗೊತ್ತಾಯಿತು. ಅಜ್ಜಿಯ ತೀರ್ಪು ಬಂದದ್ದು ಅದೇ ಸಂಜೆ. ಅಪ್ಪ, “ರೈಲಲ್ ಕರ್ಕೊಂಡ್ ಹೋಗಿದ್ರೆ ಆಗ್ತಿರ್ಲಿಲ್ವಾ?” ಎಂದಷ್ಟೇ ಗೊಣಗಿ ಟೊಮೆಟೊ ಆಯಲು ಕೂತರು. ಅಮ್ಮ ಇಬ್ಬರಿಗೂ ಎದುರಾಡಲಿಲ್ಲ. ಅಡುಗೆಮನೆಗೆ ನನ್ನನ್ನು ಕರೆದು ಸಣ್ಣ ದನಿಯಲ್ಲಿ ಗದರಿದಳು.

“ಊರ್ ತುಂಬಾ ತಪ್ಪೋದ್ ವಿಮಾನ ತಪ್ಪೋದ್ ವಿಮಾನ ಅಂತ ಡಂಗುರ ಹೊಡ್ದಿದ್ದು ನೀನು. ಸೋಮವಾರದೊಳ್ಗೆ ನೀನೇ ಸರಿ ಮಾಡು. ನಾನ್ ಹೋಗ್ಬೇಕು ಕಣೋ.”

ಸರಿ ಮಾಡಲು ಹೊರಟೆ. ಮೊದಲು ಅಜ್ಜಿ. ನಮ್ಮ ಹಸುಗಳ ಕಿವಿಗೆ ನಂಬರು ಬರೆದ ಹಳದಿ ಪ್ಲಾಸ್ಟಿಕ್ ಬಿಲ್ಲೆ ಹೊಡೆದಿರುತ್ತಾರೆ. ಊರಲ್ಲಿ ಅದಕ್ಕೆ ಓಲೆ ಎನ್ನುತ್ತಾರೆ. ಅಜ್ಜಿಗೆ ತಿಳಿಯುವ ಹಾಗೆ ಹೇಳಲು ಅದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡೆ.

“ಅಜ್ಜಿ, ಹಸುಗೆ ಓಲೆ ಇದೆಯಲ್ಲ, ವಿಮಾನಕ್ಕೂ ಅಂಥಾದ್ದೊಂದು ಇರುತ್ತೆ. ನಾನ್ ಇಂಥಾದ್ದು, ಇಂಥಾ ಕಡೆ ಇದೀನಿ ಅಂತ ಕೂಗ್ತಾನೇ ಇರುತ್ತೆ. ಆವತ್ತು ಆ ವಿಮಾನದ್ದು ನಡುವೆ ನಿಂತೋಯ್ತು. ಅದಕ್ಕೇ ಗೊತ್ತಾಗ್ಲಿಲ್ಲ.”

“ಯಾರ್ ಬಿಚ್ಚಿದ್ದು?”

“ಯಾರಾದ್ರೂ ನಿಲ್ಸಿದ್ರೋ, ತಾನೇ ಕೆಡ್ತೋ, ಗೊತ್ತಿಲ್ಲ.”

“ಕಳ್ರು ಕಣೋ. ಸಂತೇಲಿ ಕದ್ದ ಹಸು ಮಾರೋರು ಮೊದ್ಲು ಓಲೆ ಕುಯ್ತಾರೆ.”

“ಹಂಗೆ ಹೇಳಕ್ಕಾಗಲ್ಲ ಅಜ್ಜಿ. ಯಾರಿಗೂ ಗೊತ್ತಿಲ್ಲ. ಒಂದಷ್ಟು ಚೂರು ಮಾತ್ರ ಯಾವ್ಯಾವ್ದೋ ದಡಕ್ಕೆ ಬಂದ್ವು.”

ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. “ಚೂರಿಟ್ಕೊಂಡು ಆ ಮನೇರು ತಿಥಿ ಮಾಡಿದ್ರಾ? ಇಲ್ಲ ಇನ್ನೂ ಬಾಗ್ಲು ನೋಡ್ಕೊಂಡು ಕೂತವ್ರಾ?”

ನಾನು ಏನೇನೋ ಓದಿದ್ದೆ. ಎಂಜಿನ್ನು, ಇಂಧನ, ಉಪಗ್ರಹ, ಸಮುದ್ರದ ಹರಿವು, ಎಲ್ಲ. ತಿಥಿಯ ವಿಷಯ ಮಾತ್ರ ಯಾವುದರಲ್ಲೂ ಓದಿರಲಿಲ್ಲ. ನನಗೆ ಸಿಟ್ಟು ಬಂತು. ನಾನು ಹೇಳಲು ಹೊರಟದ್ದೇನು, ಇವಳು ಕೇಳುವುದೇನು!

ಎರಡನೆಯ ಸಲ ಅಪ್ಪನೂ ಇರುವಾಗ ಕೂತೆ. ಆ ವಿಮಾನದಿಂದ ಜಗತ್ತು ಪಾಠ ಕಲಿತಿದೆ ಎಂದು ವಿವರಿಸಿದೆ. ಸಮುದ್ರದ ಮೇಲೆ ಹೋಗುವ ವಿಮಾನಗಳು ಕೂಗುವುದನ್ನು ಈಗ ಉಪಗ್ರಹಗಳೂ ಕೇಳಿಸಿಕೊಳ್ಳುತ್ತವೆ. ಹೊಸ ದೊಡ್ಡ ವಿಮಾನಗಳಲ್ಲಿ ಅಪಾಯದ ಸೂಚನೆ ಬಂದರೆ ಸಾಕು, ಯಾರೂ ಗುಂಡಿ ಒತ್ತದೆ ತಾನಾಗಿ ನಿಮಿಷ ನಿಮಿಷಕ್ಕೂ ಇರುವ ಜಾಗ ಹೇಳುವ ಸಾಧನ ಇಡುತ್ತಿದ್ದಾರೆ. ಅದನ್ನು ಒಳಗಿನಿಂದ ನಿಲ್ಲಿಸಲು ಬರುವುದಿಲ್ಲ. ನೀರಿನಲ್ಲಿ ಮುಳುಗಿದ ಪೆಟ್ಟಿಗೆ ಮೊದಲಿಗಿಂತ ಹೆಚ್ಚು ದಿನ ಸದ್ದು ಮಾಡುತ್ತದೆ. ಮುಂದೆ ಇನ್ನೂ ಏನೇನೋ ಬರಲಿದೆ. ನನ್ನ ಕಿವಿಗೇ ನನ್ನ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

ಅಪ್ಪ ಒಂದು ಕೊಳೆತ ಟೊಮೆಟೊ ಪಕ್ಕಕ್ಕೆ ಎಸೆದು ಕೇಳಿದರು, “ಈಗ ಎಲ್ಲಾ ವಿಮಾನದಾಗೂ ಐತಾ ಅದು?”

“ಹೊಸದ್ರಲ್ಲಿ ಇರುತ್ತೆ.”

“ನಿಮ್ಮಮ್ಮ ಹೋಗೋದು ಹೊಸದಾ ಹಳೇದಾ?”

“ಅದು... ಗೊತ್ತಿಲ್ಲಪ್ಪ.”

“ಗೊತ್ ಮಾಡ್ಕೊಂಡ್ ಬಾ, ಆಮೇಲ್ ಮಾತಾಡು.”

ಹೊಸದು ಎಂದು ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಆಗಿತ್ತು. ಆದರೆ ವಿಮಾನದ ವಿಷಯದಲ್ಲಿ ನನ್ನ ಬಾಯಿಂದ ಸುಳ್ಳು ಬರುವುದಿಲ್ಲ, ಏನು ಮಾಡಲಿ? ಕೊನೆಗೆ, ಡೆಲ್ಲಿಗೆ ಹೋಗುವ ದಾರಿಯಲ್ಲಿ ಸಮುದ್ರವೇ ಸಿಗುವುದಿಲ್ಲ, ಪೂರ್ತಿ ನೆಲ, ದಾರಿಯುದ್ದಕ್ಕೂ ರೇಡಾರಿನವರು ನೋಡುತ್ತಿರುತ್ತಾರೆ ಎಂದೆ.

“ನೆಲದ್ ಮೇಲ್ ಬಿದ್ರೆ ನೋವಾಗಲ್ವಾ?” ಎಂದಳು ಅಜ್ಜಿ.

ಮೂರನೆಯದು ತಾರಸಿಯ ಪ್ರಯೋಗ. ಕಣ್ಣಾರೆ ನೋಡಿದರೆ ನಂಬುತ್ತಾಳೆ ಎಂದು ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಮೊಬೈಲಿನಲ್ಲಿ ಒಂದು ವಿಮಾನ ಶ್ರೀನಿವಾಸಪುರದ ಮೇಲಿಂದ ಬರುತ್ತಿತ್ತು. ಆಕಾಶದಲ್ಲೂ ತೋರಿಸಿದೆ, ಮ್ಯಾಪಿನಲ್ಲೂ ತೋರಿಸಿದೆ. ಅಜ್ಜಿ ಎರಡನ್ನೂ ಹೋಲಿಸಿ, “ಅರೆರೆ, ನಿಜವೇ” ಎಂದು ಬಾಯಿ ತೆರೆದಳು. ಗೆದ್ದೆ ಎಂದುಕೊಂಡೆ. ವಿಮಾನ ದೇವನಹಳ್ಳಿ ಕಡೆ ಇಳಿಯುತ್ತ ಇಳಿಯುತ್ತ ನಮ್ಮ ಬೆಟ್ಟದ ಮರೆಗೆ ಹೋಯಿತು. ಬೆಟ್ಟ ಅಡ್ಡ ಬಂದರೆ ನನ್ನ ತಂತಿಗೆ ಏನೂ ಕೇಳಿಸುವುದಿಲ್ಲ. ಮ್ಯಾಪಿನ ಮೇಲಿದ್ದ ಪುಟ್ಟ ವಿಮಾನ ಸುಮ್ಮನೆ ಅಳಿಸಿಹೋಯಿತು.

ಅಜ್ಜಿ ನನ್ನ ಮುಖ ನೋಡಿದಳು. “ತಪ್ಪೋಯ್ತಾ?”

“ಇಲ್ಲಜ್ಜಿ! ಬೆಟ್ಟದ್ ಹಿಂದೆ ಇಳೀತಿದೆ!”

“ನಿಂಗೆ ಕಾಣ್ತೈತಾ?”

“ಕಾಣಲ್ಲ. ಆದ್ರೆ ಇಳೀತಿದೆ!”

“ಕಾಣಲ್ಲ ಅಂತೀಯ, ಇಳೀತೈತೆ ಅಂತೀಯ. ನಡಿ ನಾಯನಾ, ಕೆಳೀಕ್ ಇಳ್ಸು ನನ್ನ.”

ಭಾನುವಾರ ಸಂಜೆ ಖಾಲಾ ಖಾಲಿ ಕ್ಯಾನು ಅಲ್ಲಾಡಿಸಿಕೊಂಡು ಬಂದರು. ಅವರು ಹಿಂದಿನ ವರ್ಷ ಉಮ್ರಾ ಯಾತ್ರೆಗೆ ಹೋಗಿ ಬಂದವರು. ನಮ್ಮ ಬೀದಿಯಲ್ಲಿ ವಿಮಾನ ಹತ್ತಿದ ಮೊದಲ ಮನುಷ್ಯರು. ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡರು.

“ಬೇಟಾ, ನೀನು ಯಾವತ್ತಾದ್ರೂ ವಿಮಾನದಾಗೆ ಕೂತಿದ್ಯಾ?”

“ಇಲ್ಲ ಖಾಲಾ.”

“ಅಮ್ಮಾ, ನೋಡಿ ಇವನ್ನ! ಮುಳಬಾಗಿಲು ಬಸ್ ಹತ್ತಿದ್ರೆ ವಾಂತಿ ಮಾಡ್ಕೊಂತಾನೆ, ವಿಮಾನದ್ ಪಾಠ ಹೇಳ್ತಾನೆ!” ಅಜ್ಜಿ ಕಿಲಕಿಲ ನಕ್ಕಳು. ಖಾಲಾ ಅವಳ ಪಕ್ಕ ಕೂತು ಮಂಡಿ ಮುಟ್ಟಿದರು. “ಡರ್ನಾ ನಕ್ಕೋ ಅಮ್ಮಾ. ಹೆದರ್ಕೊಳ್ಳೋದು ಬೇಡ. ನಿಮ್ ಸೊಸೆ ಪಕ್ಕದಾಗೆ ನಾನೇ ಕೂತ್ಕೊಂತೀನಿ. ಹತ್ತೋ ಟೈಮಿಗೆ ನಿಮ್ಗೇ ಫೋನ್ ಮಾಡ್ತೀನಿ, ಇವನಿಗಲ್ಲ. ಆಯ್ತಾ?”

“ಅಂಗಾದ್ರೆ ಆಯ್ತು” ಎಂದಳು ಅಜ್ಜಿ. ಅಜ್ಜಿ ಒಪ್ಪಿದ ಮೇಲೆ ಅಪ್ಪನೂ ತಲೆಯಾಡಿಸಿದರು.

ಐದು ನಿಮಿಷ. ಸಾಧನವಿಲ್ಲ, ಉಪಗ್ರಹವಿಲ್ಲ, ಒಂದೇ ಒಂದು ವಾಸ್ತವಾಂಶವಿಲ್ಲ. ನನ್ನ ಒಂದು ವಾರದ ಶ್ರಮ ನೀರುಪಾಲು. ಅಮ್ಮ ಸಂತೋಷದಲ್ಲಿ ಎರಡು ಲೋಟ ಟೀ ಕಾಸಿದಳು, ಒಂದು ಖಾಲಾಗೆ, ಒಂದು ಅಜ್ಜಿಗೆ. ನನಗಿಲ್ಲ.

ಹೊರಡುವ ದಿನ ಬೆಳಿಗ್ಗೆ ವ್ಯಾನು ಬಂತು. ನಮ್ಮೂರಾದ ಮೇಲೆ ಮಾಲೂರಿನ ಹೆಂಗಸರನ್ನು ಹತ್ತಿಸಿಕೊಂಡು ಹೊಸಕೋಟೆ ಮೇಲೆ ದೇವನಹಳ್ಳಿಗೆ ಹೋಗುವುದು. ವಿಮಾನದೊಳಗೆ ಕೂತ ಮೇಲೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಬೇಕು ಎಂದು ಅಮ್ಮನಿಗೆ ಹತ್ತು ಸಲ ಹೇಳಿದ್ದೆ, ಮಾಡಿಸಿಯೂ ನೋಡಿದ್ದೆ. ವ್ಯಾನಿನ ಕಿಟಕಿಯಿಂದ ತಲೆ ಹಾಕಿ ಹನ್ನೊಂದನೆಯ ಸಲ ಹೇಳಿದೆ. “ಆಯ್ತು ಮಾರಾಯಾ, ಹಾಕ್ತೀನಿ!” ಎಂದು ಅಮ್ಮ ರೇಗಿದಳು. ಮುಖ ತಿರುಗಿಸಿಕೊಂಡರೂ ಅವಳ ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ.

ಅಂಗಡಿಗೆ ರಜೆ ಹಾಕಿ ಮಧ್ಯಾಹ್ನ ತಾರಸಿ ಹತ್ತಿದೆ. ಅಪ್ಪ ಆ ದಿನ ತೋಟಕ್ಕೆ ಹೋಗದೆ ಅಂಗಳದಲ್ಲಿ ಖಾಲಿ ಕ್ರೇಟುಗಳನ್ನು ಜೋಡಿಸುವುದು, ಕೆಡವುವುದು, ಮತ್ತೆ ಜೋಡಿಸುವುದು ಮಾಡುತ್ತಿದ್ದರು. ಅಜ್ಜಿ ಕೀಪ್ಯಾಡ್ ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಳು. ಹೊತ್ತಾಯಿತು. ಖಾಲಾರ ಫೋನು ಬರಲಿಲ್ಲ. ಗಡಿಬಿಡಿಯಲ್ಲಿ ಮರೆತಿರುತ್ತಾರೆ, ನನಗೆ ಮಾಡುತ್ತೇನೆಂದಿದ್ದರೆ ನಾನಾದರೂ ನೆನಪಿಸುತ್ತಿದ್ದೆ ಎಂದು ಒಳಗೊಳಗೇ ಕುದಿದೆ. ಅಷ್ಟರಲ್ಲಿ ಅಮ್ಮನ ವಿಮಾನದ ನಂಬರು ಬೆಟ್ಟದ ಮೇಲಿಂದ ನನ್ನ ಮ್ಯಾಪಿನಲ್ಲಿ ಎದ್ದು ಬಂತು.

“ಎದ್ತು! ಅಮ್ಮ ಮೇಲೆ ಹೋದ್ಳು!” ಎಂದು ಕೂಗಿದೆ.

ಅಲ್ಲಿಂದ ಕಾಮೆಂಟರಿ. ಚಿಕ್ಕಬಳ್ಳಾಪುರ ದಾಟಿದಳು. ಆಂಧ್ರಕ್ಕೆ ಹೋದಳು. ಈಗ ಅನಂತಪುರದ ಕಡೆ. ಜಗುಲಿಯಿಂದ ಅಜ್ಜಿ ಒಂದೊಂದಕ್ಕೂ “ಆಂ, ಆಂ” ಎನ್ನುತ್ತಿದ್ದಳು. ನಿಧಾನಕ್ಕೆ ವಿಮಾನ ನನ್ನ ತಂತಿಗೆ ಎಟುಕುವ ದೂರದ ಅಂಚಿಗೆ ಬಂತು. ಒಂದೆರಡು ಸಲ ಮಿನುಗಿ ಅಳಿಸಿಹೋಯಿತು. ಇದು ದಿನವೂ ಆಗುವಂಥದ್ದು. ನಾನು ಕೆಳಕ್ಕೆ ಬಗ್ಗಿ, “ಇನ್ಮೇಲೆ ಕಾಣಲ್ಲಜ್ಜಿ!” ಎಂದೆ.

ಅದೇ ಹೊತ್ತಿಗೆ ಅಜ್ಜಿಯ ಫೋನು ಬಡಿದುಕೊಂಡಿತು. ಅಜ್ಜಿ ಕಿವಿಗಿಟ್ಟುಕೊಂಡು “ಯಾರೂ? ಆಂ?” ಎಂದಳು. ಮುಂದಿನ ಕ್ಷಣ ಅವಳ ಕೂಗು ಬೀದಿಯ ಆ ತುದಿಗೆ ಕೇಳಿಸಿತು.

“ಲೇ! ವಿಮಾನಂ ತಪ್ಪಿಪೋಯಿಂದಂಟ ರಾ! ನಿಮ್ಮಮ್ಮನ್ ವಿಮಾನ ತಪ್ಪೋಯ್ತಂತೆ ಕಣೋ!”

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಅಜ್ಜಿಯ ಕೈಯಿಂದ ಫೋನು ಕಿತ್ತುಕೊಂಡರೆ ಅದು ಕಟ್ಟಾಗಿತ್ತು.

“ಯಾರ್ ಹೇಳಿದ್ದು ಅಜ್ಜಿ?”

“ಅವ್ಳೇ ಮಾಡಿದ್ಳು, ಖಾಲಾ. ಅಮ್ಮಾ, ಫ್ಲೈಟ್ ತಪ್ಪೋಯ್ತಮ್ಮಾ ಅಂದ್ಳು. ಅಷ್ಟೇ, ಸದ್ದು ನಿಂತೋಯ್ತು.”

ಈಗ ಇದನ್ನು ಓದುತ್ತಿರುವವರಿಗೆ ತಟ್ಟನೆ ಹೊಳೆದಿರುತ್ತದೆ. ಕಾಣೆಯಾದ ವಿಮಾನದಲ್ಲಿರುವವರು ಫೋನು ಮಾಡಿ, ನಾವು ಕಾಣೆಯಾಗಿದ್ದೇವೆ ಎಂದು ಹೇಳುವುದಿಲ್ಲ. ಬಸ್ ತಪ್ಪಿಹೋಯಿತು ಎಂದರೆ ಬಸ್ ಕಳೆದುಹೋಯಿತು ಎಂದು ಯಾರೂ ತಿಳಿಯುವುದಿಲ್ಲ. ನಮ್ಮ ಇಡೀ ಬೀದಿಯಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಎಲ್ಲರಿಗೂ ಆ ಮಾತಿಗೆ ಇನ್ನೊಂದು ಅರ್ಥ ಕಲಿಸಿ ತಲೆಯಲ್ಲಿ ಮೊಳೆ ಹೊಡೆದವನು ನಾನು. ನನಗೂ ಹೊಳೆಯಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಮ್ಯಾಪಿನಲ್ಲಿ ಆಗ ತಾನೇ ಅಳಿಸಿಹೋದ ಆ ಚುಕ್ಕೆ ಒಂದೇ.

ಅಮ್ಮನ ನಂಬರಿಗೆ ಮಾಡಿದೆ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಂದು ಹೆಣ್ಣುದನಿ ಸಮಾಧಾನವಾಗಿ ಹೇಳಿತು. ಖಾಲಾ ನಂಬರು ಬ್ಯುಸಿ. ಮತ್ತೆ ಅಮ್ಮ. ಮತ್ತೆ ಅದೇ ಹೆಣ್ಣುದನಿ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಇಷ್ಟು ವರ್ಷ ನಾನು ಅದನ್ನು ಒಂದು ಲೆಕ್ಕದ ಹಾಗೆ ಬಿಡಿಸುತ್ತಿದ್ದೆ: ಎಷ್ಟು ಇಂಧನ, ಎಷ್ಟು ಹೊತ್ತು, ಯಾವ ದಿಕ್ಕು. ಒಳಗೆ ಕೂತಿದ್ದ ಒಬ್ಬೊಬ್ಬರಿಗೂ ಹೀಗೆ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತವರಿದ್ದರು ಎಂಬುದು ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದುಕೊಂಡಿದ್ದೆ.

ಅಂಗಳದಲ್ಲಿ ಮೊಪೆಡ್ ಶುರುವಾದ ಸದ್ದು. ಅಪ್ಪ. ಕಾಲಲ್ಲಿ ಒಂದು ಚಪ್ಪಲಿ ಅವರದು, ಇನ್ನೊಂದು ಅಜ್ಜಿಯದು.

“ಎಲ್ಲಿಗಪ್ಪಾ?”

“ಹುಡುಕಕ್ಕೆ.”

ಅಕ್ಕಪಕ್ಕದವರು ಸೇರಿದ್ದರು. ಯಾರೋ ನಮ್ಮ ಮನೆಯೊಳಗೇ ನುಗ್ಗಿ ಟಿವಿ ಹಾಕಿದರು. ಹಾಲು ಅಳೆಯುವ ಆಸಾಮಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತ. ಆ ಮನುಷ್ಯ ನಗದೆ ನನ್ನ ಮುಂದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಪ್ಪ ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಅಜ್ಜಿಯ ಫೋನು ಮತ್ತೆ ಬಡಿದುಕೊಂಡಿತು. ಖಾಲಾ.

“ಅಮ್ಮಾ, ಅವಾಗ ಕಟ್ ಆಗೋಯ್ತು...”

“ಖಾಲಾ! ಎಲ್ಲಿದೀರಾ? ಅಮ್ಮ ಎಲ್ಲಿ?”

“ಎಲ್ಲಿದೀವಿ ಅಂದ್ರೆ? ಏರ್ಪೋರ್ಟಾಗೆ ಇದೀವಿ. ಹೊಸಕೋಟೆಯಾಗೆ ಜಾಮ್ ಬೇಟಾ, ಲಾರಿ ಅಡ್ಡ ನಿಂತಿತ್ತು. ನಾವ್ ಬರೋಷ್ಟ್ರಲ್ಲಿ ಬಾಗ್ಲು ಹಾಕ್ಬಿಟ್ರು. ಫ್ಲೈಟ್ ತಪ್ಪೋಯ್ತು ಅಂತ ಅಮ್ಮಂಗೆ ಹೇಳಿದ್ನಲ್ಲ! ಈಗ ಟೀ ಕುಡೀತಾ ಕೂತಿದೀವಿ. ಥೂ, ಟೀ ಏನದು, ಬಿಸಿನೀರು.”

ಹಾಲು ಅಳೆಯುವವನು ಓಡಿ ಅಪ್ಪನನ್ನು ವಾಪಸು ಕರೆತಂದ. ವಿಷಯ ತಿಳಿದ ಮೇಲೆ ನೆರೆದ ಜನ ಅಜ್ಜಿಯನ್ನು ಬೈದಿರಬೇಕು ಎಂದುಕೊಂಡಿರಾ? ಒಬ್ಬೊಬ್ಬರಾಗಿ ನನ್ನನ್ನು ಬೈದರು. “ಇವನ್ ತಾನೇ ಹೇಳ್ಕೊಟ್ಟಿದ್ದು ತಪ್ಪೋಯ್ತು ತಪ್ಪೋಯ್ತು ಅಂತ!” ಅಮ್ಮನ ಫೋನು ಯಾಕೆ ಸಿಗಲಿಲ್ಲ ಎಂಬುದೂ ತಿಳಿಯಿತು. ನಾನು ಕೊಟ್ಟ ಕಾಟಕ್ಕೆ ಅವಳು ವ್ಯಾನು ನಮ್ಮೂರು ದಾಟುವಾಗಲೇ ಫ್ಲೈಟ್ ಮೋಡ್ ಹಾಕಿ ಕೂತಿದ್ದಳಂತೆ.

ಖಾಲಾ ಫೋನನ್ನು ಅಮ್ಮನ ಕೈಗೆ ಕೊಟ್ಟರು. ನಾನು ಸ್ಪೀಕರಿಗೆ ಹಾಕಿದೆ.

“ಆರ್ ಗಂಟೆ ವಿಮಾನದಾಗೆ ಕಳಿಸ್ತಾರಂತೆ” ಎಂದಳು ಅಮ್ಮ. “ಬೇಡ ಅನ್ನೋರಿಗೆ ವಾಪಸ್ ವ್ಯಾನ್ ಐತಂತೆ. ಈಗ್ಲೇ ಹೇಳ್ಬೇಕಂತೆ.”

“ಬಂದ್ಬಿಡೇ ತಾಯೀ” ಎಂದಳು ಅಜ್ಜಿ. ಅವಳ ಕೆನ್ನೆ ಇನ್ನೂ ಒದ್ದೆಯಾಗಿತ್ತು. “ಶಕುನವೇ ಸರಿ ಇಲ್ಲ.”

ಅಪ್ಪ ಫೋನಿನ ಹತ್ತಿರ ಬಗ್ಗಿ, “ಬಾ” ಎಂದರು. ಅಷ್ಟೇ.

“ಅವನಿಗ್ ಕೊಡಿ ಫೋನು” ಎಂದಳು ಅಮ್ಮ.

ಸ್ಪೀಕರ್ ತೆಗೆದು ಕಿವಿಗಿಟ್ಟುಕೊಂಡೆ.

“ನೀನ್ ಹೇಳೋ. ಹೋಗ್ಲಾ, ಬರ್ಲಾ?”

ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಇದರ ಉತ್ತರವನ್ನು ಒಂದು ವಾರ ಕೇಳುವವರಿಗೂ ಕೇಳದವರಿಗೂ ಹೇಳಿದ್ದೆ. ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಕಾಲು ಗಂಟೆಯ ಹಿಂದೆ ನನ್ನ ತಾಯಿ ಈ ಲೋಕದಲ್ಲಿ ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಬಾ ಎಂದುಬಿಟ್ಟರೆ ಮುಗಿಯಿತು, ಎರಡು ಗಂಟೆಯಲ್ಲಿ ಮನೆಯಲ್ಲಿರುತ್ತಾಳೆ. ಅಪ್ಪ, ಅಜ್ಜಿ, ಬೀದಿಯವರು ಎಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಯಾಕೋ? ಹೆದರ್ಕೊಂಡ್ಯಾ?”

“ಹೂಂ.”

“ನೀನೂನಾ!” ಅಮ್ಮ ನಕ್ಕಳು. “ಒಂದ್ ವಾರ ನನ್ ತಲೆ ತಿಂದ್ಯಲ್ಲೋ, ಈಗ ಅದ್ ಬಂದೈತೆ, ಇದ್ ಬಂದೈತೆ, ಏನೂ ಆಗಲ್ಲ ಅಂತ. ಅದೆಲ್ಲ ಸುಳ್ಳಾ?”

“ಸುಳ್ಳಲ್ಲಮ್ಮ. ಎಲ್ಲಾ ನಿಜಾನೇ.”

“ನಿಜ ತಾನೇ?”

“ನಿಜ.”

“ಮತ್ತೆ?”

ಅಮ್ಮನ ಹಿಂದೆ ಯಾರೋ ಹೆಂಗಸರು ವ್ಯಾನು ಹೊರಡುತ್ತಿದೆ, ಬೇಗ ಹೇಳಿ ಎನ್ನುತ್ತಿದ್ದರು. ಅಮ್ಮ ಕಾಯುತ್ತಿದ್ದಳು. ಬೇಕಿದ್ದರೆ ತಾನೇ ತೀರ್ಮಾನಿಸಬಹುದಿತ್ತು. ಆದರೆ ಮನೆಯಿಂದ ಒಬ್ಬರಾದರೂ ಹೂಂ ಎನ್ನದೆ ಅವಳಿಗೆ ಕಾಲು ಮುಂದಕ್ಕೆ ಬಾರದು ಎಂದು ನನಗೆ ಅರ್ಥವಾಯಿತು.

“ಹೋಗ್ಬಿಟ್ಟ್ ಬಾಮ್ಮ” ಎಂದೆ. “ಎಮ್ಮೆ ಸರಿಯಾಗ್ ನೋಡ್ಕೊಂಡ್ ಬಾ.”

“ಹೂಂ” ಎಂದು ಫೋನಿಟ್ಟಳು.

ಅಪ್ಪ, “ನೀನ್ ಯಾವ್ ದೊಡ್ಡ್ ಮನುಷ್ಯ ಅಂತ ಹೇಳ್ದೆ?” ಎಂದು ಗುಡುಗಿ ಕೊಟ್ಟಿಗೆಗೆ ಹೋದರು. ಸಂಜೆ ಹಾಲು ಕರೆಯಲು ತಾವೇ ಕೂತರು. ಅಭ್ಯಾಸ ತಪ್ಪಿದ ಕೈಗೆ ಹಸು ಎರಡು ಸಲ ಒದೆಯಿತು. ಅದಕ್ಕೂ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಅಜ್ಜಿ ಊಟ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ, ಹಸಿವಿಲ್ಲ ಎಂದು ಸುಳ್ಳು ಹೇಳಿದೆ.

ಒಂಬತ್ತಕ್ಕೆ ಮುಂಚೆ ಅಮ್ಮನ ಫೋನು ಬಂತು. ಡೆಲ್ಲಿಯಲ್ಲಿ ಇಳಿದಿದ್ದಾರೆ. ಕಿಟಕಿ ಪಕ್ಕ ಖಾಲಾ ಕೂತು ಕೂತಲ್ಲೇ ನಿದ್ದೆ ಹೋದರಂತೆ, ಅಮ್ಮ ಅವರ ಮೇಲೆ ಬಗ್ಗಿ ಬಗ್ಗಿ ಮೋಡ ನೋಡಿದಳಂತೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ದೊಡ್ಡದಾಗಿ ಉಸಿರು ಬಿಟ್ಟು, ಫೋನು ಕೆಳಗಿಟ್ಟು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಮುದ್ದೆ ಮುರಿದವಳು ಕೈಯನ್ನು ಹಾಗೇ ನಿಲ್ಲಿಸಿದಳು.

“ಲೇ, ವಾಪಸ್ ಬರೋದು ರೈಲಲ್ ತಾನೇ?”

“ಇಲ್ಲಜ್ಜಿ. ವಿಮಾನದಲ್ಲೇ.”

ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಅವಳನ್ನು ಒಪ್ಪಿಸಲು ನನಗೆ ಐದು ದಿನವಿತ್ತು. ಈ ಸಲ ಖಾಲಾ ಕೂಡ ಊರಲ್ಲಿರಲಿಲ್ಲ.